ಹದಿನೆಂಟು ಜನರ ಮುಂದೆ

ಅಕ್ಟೋಬರ್‌ನ ಮೊದಲ ಶನಿವಾರ ಬೆಳಗ್ಗೆ ಸ್ಕಾರ್ವಿಕ್ ಹಳ್ಳಿಯ ಗಂಡಸರೆಲ್ಲ ಕಲ್ಲುಬೇಲಿಯ ಗೇಟಿನ ಬಳಿ ಸೇರಿದರು. ಬೇಸಿಗೆಯೆಲ್ಲ ಗುಡ್ಡದ ಮೇಲೆ ಮೇಯ್ದ ಕುರಿಗಳನ್ನು ಒಟ್ಟುಮಾಡಿ ಕೆಳಗಿನ ದೊಡ್ಡಿಗೆ ಇಳಿಸುವ ದಿನ ಅದು. ಫಾರೋ ದ್ವೀಪಗಳಲ್ಲಿ ಈ ಕೆಲಸಕ್ಕೆ ಊರಿಗೆ ಊರೇ ಹೊರಡುತ್ತದೆ. ಆದರೆ ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು, ಹೊರಡಬೇಕೋ ಬೇಡವೋ ಎಂದು ಹೇಳುವವನು ಒಬ್ಬನೇ. ಸ್ಕಾರ್ವಿಕ್‌ನವರು ಅವನನ್ನು ಗುಡ್ಡದ ಯಜಮಾನ ಎಂದು ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಆ ಯಜಮಾನಿಕೆ ಕ್ಲೆಮಿಂತ್‌ನದು.

ಅರವತ್ತೊಂದು ವರ್ಷದ, ಎತ್ತರದ ಗಟ್ಟಿ ಆಳು ಅವನು. ಗುಡ್ಡದ್ದು ಮಾತ್ರವಲ್ಲ, ಚರ್ಚಿನ ಓದುಗಾರಿಕೆಯೂ ಅವನದೇ ಆಗಿತ್ತು. ಪಾದ್ರಿಯಾಗಿದ್ದ ಹೆಂಗಸಿಗೆ ಆರು ಹಳ್ಳಿಗಳ ಹೊಣೆ. ಸ್ಕಾರ್ವಿಕ್‌ಗೆ ಬರುವುದು ಆರು ವಾರಕ್ಕೊಂದು ಭಾನುವಾರ. ಉಳಿದ ಭಾನುವಾರಗಳಲ್ಲಿ ಕ್ಲೆಮಿಂತ್ ಕಪ್ಪು ಕೋಟು ತೊಟ್ಟು, ಯಜ್ಞವೇದಿಯ ಮುಂದಿನ ಕಮಾನಿನ ಕೆಳಗೆ ನಿಂತು, ಬೈಬಲ್ಲಿನ ಸುವಾರ್ತೆಯನ್ನೂ ಪಾದ್ರಿಗಳು ಬರೆದು ಅಚ್ಚುಹಾಕಿಸಿದ ಪ್ರಸಂಗವನ್ನೂ ಓದುತ್ತಿದ್ದ. ಅವನ ಕಂಠ ಚೆನ್ನಾಗಿತ್ತು. ಅದು ಅವನಿಗೂ ಗೊತ್ತಿತ್ತು.

ಆ ಬೆಳಗ್ಗೆ ಗುಡ್ಡದ ನೆತ್ತಿ ಕಾಣುತ್ತಿರಲಿಲ್ಲ.

"ಕ್ಲೆಮಿಂತ್, ಮೇಲಿನ ಕೊರಕಲಲ್ಲಿ ಮಂಜು ಕೂತಿದೆ ನೋಡು," ಎಂದ ತುಮ್ಮಸ್. "ಗಾಳಿ ತಿರುಗಿದ್ರೆ ಅರ್ಧ ಗಂಟೇಲಿ ಪೂರಾ ಮುಚ್ಕೊಳುತ್ತೆ. ಸೋಮವಾರ ಹೋಗೋಣ."

ತುಮ್ಮಸ್‌ಗೆ ನಲವತ್ತನಾಲ್ಕು. ಮೀನಿನ ದೋಣಿಯಲ್ಲಿ ದುಡಿಯುತ್ತಿದ್ದ, ಮದುವೆಯಾಗಿರಲಿಲ್ಲ, ತಾಯಿ ಮಾಲನ್ ಅಜ್ಜಿಯ ಜೊತೆ ಊರಿನ ಎಲ್ಲಕ್ಕಿಂತ ಮೇಲಿನ ಮನೆಯಲ್ಲಿದ್ದ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅಂಥವನು ಎರಡನೇ ಸಲ ಬಾಯಿ ತೆರೆದ. "ನಿಜವಾಗ್ಲೂ ಹೇಳ್ತಿದೀನಿ. ನಂಗಿದು ಸರಿ ಕಾಣ್ತಿಲ್ಲ."

ಎರಡು ವಾರ ಬಿಡದೆ ಮಳೆ ಹೊಡೆದಿತ್ತು. ಪಕ್ಕದ ಹಳ್ಳಿಯವರು ನಡುವೆ ಸಿಕ್ಕ ಒಂದು ಒಳ್ಳೆಯ ದಿನದಲ್ಲಿ ತಮ್ಮ ಕುರಿಗಳನ್ನು ಇಳಿಸಿ ಮುಗಿಸಿದ್ದರು. ಗುರುವಾರ ಅಂಗಡಿಯಲ್ಲಿ ಅವರಲ್ಲೊಬ್ಬ ಕೆಣಕಿದಾಗ ಕ್ಲೆಮಿಂತ್ ಎಲ್ಲರಿಗೂ ಕೇಳುವಂತೆ ಹೇಳಿದ್ದ: ಶನಿವಾರ ಅಂದ್ರೆ ಶನಿವಾರ. ಈಗ ಇಪ್ಪತ್ತು ಜನ ಕೋಲು ಹಿಡಿದು ನಿಂತಿರುವಾಗ, ದೋಣಿಯಲ್ಲಿ ದುಡಿಯುವವನೊಬ್ಬ ಗುಡ್ಡದ ವಿಷಯದಲ್ಲಿ ಬುದ್ಧಿ ಹೇಳುವುದನ್ನು ಅವನಿಗೆ ಸಹಿಸಲಾಗಲಿಲ್ಲ.

"ಮಂಜು ಕಂಡ್ರೆ ಎದೆ ಪುಕಪುಕ ಅಂದ್ರೆ ಮನೆಗೆ ಹೋಗಪ್ಪ," ಎಂದ. "ಹೆಂಗಸ್ರು ಆಲೂಗಡ್ಡೆ ಸುಲೀತಾ ಇದಾರೆ. ನಿನ್ನ ಕೈಗೂ ಒಂದು ಚಾಕು ಕೊಡ್ತಾರೆ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಬ್ರಾಂದುರ್, ದೋಣಿಗಳನ್ನಿಡುವ ದೋಣಿಮನೆಯವನು. ತುಮ್ಮಸ್‌ನ ಕಿವಿ ಕೆಂಪಾಯಿತು. ಅವನು ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ನೀನು ಹೊರಗಿನ ಅಂಚಿಗೆ ಹೋಗು," ಎಂದ ಕ್ಲೆಮಿಂತ್. ಹೊರಗಿನ ಅಂಚೆಂದರೆ ಸಮುದ್ರದ ಕಡೆಯ ಕಡಿದಾದ ಬಂಡೆಯ ಪಕ್ಕ. ಅಲ್ಲಿಗೆ ಪ್ರತಿವರ್ಷ ಹೋಗುತ್ತಿದ್ದವನು ಬ್ರಾಂದುರ್.

ಗಾಳಿ ತಿರುಗಿತು. ಕುರಿ ಅಟ್ಟಲು ಗುಡ್ಡದುದ್ದಕ್ಕೂ ಸಾಲಾಗಿ ಹರಡಿ ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಒಬ್ಬೊಬ್ಬನಿಗೂ ತನ್ನ ಕೈಯಲ್ಲಿನ ಕೋಲಿನ ತುದಿಯೇ ಕಾಣದಂತಾಯಿತು. ಕೂಗುತ್ತ, ತಡವರಿಸುತ್ತ, ಅರ್ಧದಷ್ಟು ಕುರಿಗಳನ್ನು ಮೇಲೆಯೇ ಬಿಟ್ಟು ಒಬ್ಬೊಬ್ಬರಾಗಿ ದೊಡ್ಡಿಯ ಬಳಿ ಬಂದು ಸೇರಿದರು. ಎಣಿಸಿದಾಗ ಹತ್ತೊಂಬತ್ತು. ಮತ್ತೆ ಎಣಿಸಿದರು. ಹತ್ತೊಂಬತ್ತೇ.

ತುಮ್ಮಸ್ ಸಿಕ್ಕಿದ್ದು ಮಧ್ಯಾಹ್ನ ಮೂರಕ್ಕೆ. ಬಂಡೆಯ ಅಂಚಿನಿಂದ ಹತ್ತಾಳು ಕೆಳಗೆ, ಹುಲ್ಲು ಬೆಳೆದ ಒಂದು ಕಿರಿದಾದ ಜಗಲಿಯಂಥ ಜಾಗದಲ್ಲಿ ಬಿದ್ದಿದ್ದ. ಅದರ ಕೆಳಗೆ ಸಮುದ್ರ. ಸೊಂಟ ಮುರಿದಿತ್ತು, ಕಾಲು ಎರಡು ಕಡೆ ಮುರಿದಿತ್ತು. ಯಾರು ಇಳಿಯುವುದೆಂಬ ಮಾತು ಏಳುವ ಮೊದಲೇ ಕ್ಲೆಮಿಂತ್ ಹಗ್ಗವನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಾಗಿತ್ತು. "ನಿಂಗೆ ವಯಸ್ಸಾಯ್ತು, ಬಿಡು, ನಾನು ಇಳೀತೀನಿ," ಎಂದ ಬ್ರಾಂದುರ್‌ನನ್ನು ಅವನು ಪಕ್ಕಕ್ಕೆ ತಳ್ಳಿಯೇಬಿಟ್ಟ. ಇಳಿದು, ತುಮ್ಮಸ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಸ್ವೆಟರ್ ಬಿಚ್ಚಿ ಅವನಿಗೆ ಹೊದಿಸಿ, ಮಂಜು ಸರಿದು ಹೆಲಿಕಾಪ್ಟರ್ ಬರುವವರೆಗೆ ಎರಡು ಗಂಟೆ ಹಾಗೆಯೇ ಕೂತಿದ್ದ.

ಸಂಜೆ ಪೊಲೀಸ್ ಅಧಿಕಾರಿಯ ಫೋನು ಬಂತು. "ಎಲ್ರೂ ಜಾಗಕ್ಕೆ ಹೋಗಿ ನಿಂತ ಮೇಲೆ ಮಂಜು ಇಳೀತು," ಎಂದ ಕ್ಲೆಮಿಂತ್. "ಒಮ್ಮೆಲೇ." ಪಕ್ಕದಲ್ಲಿದ್ದ ಬ್ರಾಂದುರ್ ತನ್ನ ಬೂಟಿನ ಮಣ್ಣು ನೋಡುತ್ತ ನಿಂತಿದ್ದ. ಯಾರೂ ಕೂತು ಮಾತಾಡಿಕೊಳ್ಳಲಿಲ್ಲ, ಆದರೆ ಅಂದಿನಿಂದ ಉಳಿದ ಹದಿನೆಂಟು ಜನರೂ ಅದನ್ನು ಹಾಗೆಯೇ ಹೇಳಿದರು.

ಮರುದಿನ ಚರ್ಚಿನ ಬಾಗಿಲಲ್ಲಿ ಮಾಲನ್ ಅಜ್ಜಿ ಕಾಯುತ್ತಿದ್ದಳು. ಎಂಬತ್ತೆರಡು ವರ್ಷ, ಕಣ್ಣು ಮಂಜಾಗಿ ಓದಲಾಗುತ್ತಿರಲಿಲ್ಲ. ಅವಳು ಕ್ಲೆಮಿಂತ್‌ನ ಎರಡೂ ಕೈಗಳನ್ನು ಹಿಡಿದು ಮುತ್ತಿಟ್ಟಳು. ಹಗ್ಗ ತರಚಿದ ಗಾಯಗಳು ಇನ್ನೂ ಹಸಿಯಾಗಿದ್ದವು.

"ಈ ಕೈಗೆ ದೇವರ ಆಶೀರ್ವಾದ ಇದೆ ಕಣಪ್ಪ," ಎಂದಳು. "ಇವತ್ತು ಇದನ್ನೆತ್ತಿ ನಮ್ಗೆಲ್ಲ ಆಶೀರ್ವಾದ ಮಾಡು. ಪಾದ್ರಿಯಮ್ಮ ಮಾಡೋ ಹಾಗೆ. ಇಲ್ಲ ಅನ್ಬೇಡ."

ಓದುಗನಾದವನು ಹಾಗೆ ಮಾಡುವಂತಿಲ್ಲ. ಆರಾಧನೆಯ ಕೊನೆಯಲ್ಲಿ ಅವನು ಕೈ ಜೋಡಿಸಿ, ತಲೆ ತಗ್ಗಿಸಿ, ದೇವರ ಆಶೀರ್ವಾದ ನಮ್ಮ ಮೇಲಿರಲಿ ಎಂದು ಬೇಡಿಕೊಳ್ಳಬೇಕು. ಎರಡೂ ಕೈ ಎತ್ತಿ ನಿಮ್ಮ ಮೇಲಿರಲಿ ಎನ್ನುವುದು ದೀಕ್ಷೆ ಪಡೆದ ಪಾದ್ರಿಗೆ ಮಾತ್ರ. ಕ್ಲೆಮಿಂತ್‌ಗೆ ಇದು ಗೊತ್ತಿಲ್ಲದ ವಿಷಯವಲ್ಲ. ಆದರೆ ಮುಂದಿನ ಬೆಂಚಿನಲ್ಲಿ ಮುದುಕಿ ಮುಖವೆತ್ತಿ ಕಾದು ಕೂತಿದ್ದಳು. ಅವನು ಕೈ ಎತ್ತಿದ. "ನಿಮ್ಮ ಮೇಲಿರಲಿ" ಎಂದ. ಇಡೀ ಸಭೆ ತಲೆ ಬಾಗಿಸಿದಾಗ ಅವನ ಮೈಯಲ್ಲೆಲ್ಲ ಬೆಚ್ಚಗಿನದೇನೋ ಹರಿದಂತಾಯಿತು. ಮುಂದಿನ ಭಾನುವಾರ ಯಾರೂ ಕೇಳಲಿಲ್ಲ. ಆದರೂ ಎತ್ತಿದ.

ರಾಜಧಾನಿಯ ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಅಂಗಡಿಯಲ್ಲಿ ಜನ ಎದ್ದುನಿಂತು ಜಾಗ ಬಿಟ್ಟರು. ಹಗ್ಗ ತುಂಡಾಗಲಿಲ್ಲವಲ್ಲ, ಅದೇ ದೇವರು ತನ್ನ ಜೊತೆಗಿರುವುದಕ್ಕೆ ಗುರುತು ಎಂದು ಅವನು ತನಗೆ ತಾನೇ ಹೇಳಿಕೊಂಡ. ದಿನಕ್ಕೆ ಹಲವು ಸಲ ಹೇಳಿಕೊಳ್ಳಬೇಕಾಗಿ ಬರುತ್ತಿತ್ತು.

ಪಾದ್ರಿ ರನ್ವಾ ಬಂದದ್ದು ತಿಂಗಳ ಮೂರನೆಯ ವಾರ. ಮೂವತ್ತಾರರ ಹೆಂಗಸು, ಕಾರನ್ನು ಜೋರಾಗಿ ಓಡಿಸುವವಳು, ಆರಾಧನೆ ಮುಗಿದ ಮೇಲೆ ಯಾವತ್ತೂ ಕ್ಲೆಮಿಂತ್‌ನ ಮನೆಯಲ್ಲೇ ಊಟ. ಹೆಂಡತಿ ಸುನ್ನೆವಾ ಕುರಿಮಾಂಸದ ಸಾರನ್ನು ಬಡಿಸಿ, ಕಾಫಿ ತರಲು ಒಳಗೆ ಹೋದಳು.

"ಶುಕ್ರವಾರ ಆಸ್ಪತ್ರೆಗೆ ಹೋಗಿದ್ದೆ," ಎಂದಳು ರನ್ವಾ. "ತುಮ್ಮಸ್‌ನ ನೋಡ್ಕೊಂಡು ಬಂದೆ."

ಕ್ಲೆಮಿಂತ್‌ನ ಚಮಚ ನಿಂತಿತು. "ಏನಂದ?"

"ಟಗರಿಗೆ ಹುಲ್ಲು ಯಾರು ಹಾಕ್ತಿದಾರೆ ಅಂತ ಕೇಳ್ದ. ಅಮ್ಮನಿಗೆ ಒಲೆಗೆ ಕಲ್ಲಿದ್ದಲು ಇದೆಯಾ ಅಂದ. ಮತ್ತೇನೂ ಇಲ್ಲ."

"ಬಿದ್ದ ವಿಷಯ?"

"ನಾನು ಕೇಳ್ದೆ. ಕಿಟಕಿ ಕಡೆ ತಿರುಗಿ ಮಲಗ್ದ." ಅವಳು ಬ್ರೆಡ್ಡನ್ನು ಸಾರಿನಲ್ಲಿ ಅದ್ದಿದಳು. "ಇನ್ನೊಂದು ಮಾತು ಕ್ಲೆಮಿಂತ್. ಬೇಜಾರು ಮಾಡ್ಕೋಬೇಡಿ. ಈಗೀಗ ನೀವು ಕೈ ಎತ್ತಿ ಆಶೀರ್ವಾದ ಮಾಡ್ತೀರಂತೆ?"

"ಅಜ್ಜಿ ಕೇಳಿದ್ಲು," ಎಂದ ಅವನು. ಮುಖ ಬಿಸಿಯಾಯಿತು. "ಮಗ ಸಾವಿನ ಬಾಯಿಂದ ಬಂದಿದ್ದ. ಹೇಗೆ ಇಲ್ಲ ಅನ್ನೋದು?"

"ಹೌದು, ಕಷ್ಟ. ನಾನೇನು ಬೈಯೋಕೆ ಬಂದಿಲ್ಲ." ರನ್ವಾ ಇನ್ನೊಂದು ಚೂರು ಬ್ರೆಡ್ಡು ಮುರಿದಳು. "ಒಂದು ನಿಜ ಹೇಳ್ಲಾ? ನಂಗೆ ಆ 'ನಿಮ್ಮ' ಅನ್ನೋ ಮಾತು ಬಂದಾಗೆಲ್ಲ ಭಯ ಆಗುತ್ತೆ. ಎಲ್ರನ್ನೂ ಸೇರಿಸ್ಬಿಟ್ಟು ನನ್ನನ್ನೇ ಹೊರಗೆ ಬಿಟ್ನಾ ಅಂತ. ನೀವು ಓದುಗರು ಪುಣ್ಯವಂತರು. 'ನಮ್ಮ' ಅಂದ್ಬಿಡ್ತೀರಿ, ನೀವೂ ಅದರೊಳಗೆ ಇರ್ತೀರಿ."

ಅವಳು ಬೇರೆ ವಿಷಯಕ್ಕೆ ಹೋದಳು. ಚರ್ಚಿನ ಮಾಡಿನ ಹುಲ್ಲು ಬದಲಿಸಬೇಕು, ಕೀರ್ತನೆ ಪುಸ್ತಕಗಳು ಹರಿದಿವೆ. ಕ್ಲೆಮಿಂತ್ ಹೂಂಗುಟ್ಟುತ್ತ ಕೂತಿದ್ದ. ಸಾರು ತಟ್ಟೆಯಲ್ಲೇ ತಣ್ಣಗಾಯಿತು. ಕಾಫಿ ತಂದ ಸುನ್ನೆವಾ ಅದನ್ನು ನೋಡಿದಳು.

ಮಂಗಳವಾರ ಅವನು ಮೊದಲ ಹಡಗು ಹತ್ತಿ ರಾಜಧಾನಿ ತೋರ್ಸ್‌ಹಾವ್ನ್‌ಗೆ ಹೋದ. ಆಸ್ಪತ್ರೆಯ ಕೋಣೆಯಲ್ಲಿ ತುಮ್ಮಸ್ ಒಬ್ಬನೇ ಇದ್ದ. ಕಾಲಿಗೆ ಕಬ್ಬಿಣದ ಸರಳುಗಳು, ಗಡ್ಡ ಬೆಳೆದು ಮುಖವೇ ಸಣ್ಣದಾಗಿತ್ತು. ಕ್ಲೆಮಿಂತ್ ಹಿಂದೆ ಬಾಗಿಲು ಹಾಕಿಕೊಂಡ. ಸುನ್ನೆವಾ ಕಳಿಸಿದ್ದ ಒಣಮಾಂಸದ ಪೊಟ್ಟಣವನ್ನು ಮೇಜಿನ ಮೇಲಿಟ್ಟ. ಮಳೆಯ ಬಗ್ಗೆ ಮಾತಾಡಿದರು. ದೋಣಿಯ ಬಗ್ಗೆ ಮಾತಾಡಿದರು.

"ಡಾಕ್ಟ್ರು ಏನಂತಾರೆ?"

"ನಡೀತೀನಂತೆ, ಕೋಲು ಹಿಡ್ಕೊಂಡು. ಕಾಲು ಎರಡಂಗುಲ ಗಿಡ್ಡ. ದೋಣಿಗೂ ಆಗಲ್ಲ, ಗುಡ್ಡಕ್ಕೂ ಆಗಲ್ಲ." ಹವಾಮಾನದ ಸುದ್ದಿ ಓದುವವನ ಹಾಗೆ ಹೇಳಿದ.

"ತುಮ್ಮಸ್," ಎಂದ ಕ್ಲೆಮಿಂತ್. "ನೀನು ಯಾಕೆ ಯಾರಿಗೂ ಹೇಳ್ಲಿಲ್ಲ?"

"ಏನು ಹೇಳ್ಲಿ? ನಾನು ಬರಲ್ಲ ಅನ್ಬಹುದಿತ್ತು. ಅನ್ಲಿಲ್ಲ. ಜನ ನಗ್ತಾರೆ ಅಂತ ಹೋದೆ. ಅದು ನನ್ನ ತಪ್ಪು." ಅವನು ಸ್ವಲ್ಪ ನೀರು ಕುಡಿದ. "ಅಲ್ಲಿ ಐದು ಗಂಟೆ ಬಿದ್ದಿದ್ನಲ್ಲ, ಏನು ಮಾಡಿದೆ ಗೊತ್ತಾ? ಮೊದಲೆರಡು ಗಂಟೆ ನಿನ್ನನ್ನ ಬೈದೆ. ದೋಣೀಲಿ ಕಲಿತ ಬೈಗುಳ ಎಲ್ಲ ಖಾಲಿ ಮಾಡ್ದೆ. ಆಮೇಲೆ ಹೊಸದು ಹೊಳೀಲಿಲ್ಲ. ಪ್ರಾರ್ಥನೆ ಮಾಡೋಣ ಅಂದ್ರೆ ಅದೂ ನೆನಪಾಗ್ಲಿಲ್ಲ, ಬರೀ ಅಮ್ಮ ಅಮ್ಮ ಅಂತಿದ್ದೆ. ಮೇಲಿಂದ ನಿನ್ನ ಗಂಟಲು ಕೇಳಿಸ್ತು ನೋಡು, ಅಷ್ಟು ಸಂತೋಷ ನನ್ನ ಜೀವಮಾನದಲ್ಲಿ ಆಗಿಲ್ಲ. ಬೈದಿದ್ದೆಲ್ಲ ಮರ್ತೋಯ್ತು."

ಕ್ಲೆಮಿಂತ್ ತಲೆ ತಗ್ಗಿಸಿದ.

"ಆಸ್ಪತ್ರೆಗೆ ಬಂದ ಮೇಲೆ ಮತ್ತೆ ನೆನಪಾಯ್ತು," ಎಂದ ತುಮ್ಮಸ್.

"ನನ್ನನ್ನ ಕ್ಷಮಿಸು. ನಾನು ತಪ್ಪು ಮಾಡ್ದೆ. ನಿನ್ನ ಮಾತು ಕೇಳ್ಬೇಕಿತ್ತು. ಆ ಮಾತು ಆಡಬಾರದಿತ್ತು."

ತುಮ್ಮಸ್ ಮುಚ್ಚಿದ ಬಾಗಿಲನ್ನು ನೋಡಿದ.

"ನೀನು ಆ ಆಲೂಗಡ್ಡೆ ಮಾತಾಡಿದ್ದು ಎಲ್ಲಿ?"

"ಗೇಟಿನ ಹತ್ರ."

"ಎಷ್ಟು ಜನ ಇದ್ರು?"

"ಹದಿನೆಂಟು."

"ಮರ್ಯಾದೆ ತೆಗೆದಿದ್ದು ಹದಿನೆಂಟು ಜನರ ಮುಂದೆ. ಕ್ಷಮೆ ಕೇಳೋದು ಬಾಗಿಲು ಹಾಕ್ಕೊಂಡಾ?" ತುಮ್ಮಸ್‌ನ ದನಿ ಏರಲಿಲ್ಲ. "ನನ್ನಮ್ಮ ಫೋನು ಮಾಡಿದಾಗೆಲ್ಲ ನಿನ್ನ ಹೆಸರೇ ಹೇಳ್ತಾಳೆ. ಕ್ಲೆಮಿಂತ್ ದೇವರಂಥವನು ಅಂತ. ನಾನು ಹೂಂ ಅಂತೀನಿ. ಆ ಹೂಂ ಅನ್ನೋದು ಇದೆಯಲ್ಲ, ಈ ಸರಳಿಗಿಂತ ನೋವು ಅದು."

ಹಿಂತಿರುಗುವ ಹಡಗಿನಲ್ಲಿ ಕ್ಲೆಮಿಂತ್ ಒಳಗೆ ಕೂರಲಿಲ್ಲ. ತಣ್ಣನೆಯ ಗಾಳಿಗೆ ಮುಖವೊಡ್ಡಿ ಕಂಬಿ ಹಿಡಿದು ನಿಂತಿದ್ದ. ಹಗ್ಗ ಹಿಡಿದು ಇಳಿದದ್ದು ಸುಳ್ಳಲ್ಲ, ಎಂದುಕೊಂಡ. ಆಗ ಅವನಿಗೆ ನಿಜವಾಗಿಯೂ ಪ್ರಾಣದ ಹಂಗಿರಲಿಲ್ಲ. ಆದರೆ ಯಾಕಿರಲಿಲ್ಲ? ತುಮ್ಮಸ್ ಸತ್ತರೆ ತಾನು ಬದುಕಿ ಊರಿನಲ್ಲಿ ಮುಖ ತೋರಿಸುವುದು ಹೇಗೆಂಬ ಭಯ ಆ ಧೈರ್ಯದೊಳಗಿತ್ತು. ಜನ ಧೈರ್ಯವನ್ನು ಕಂಡರು, ಭಯವನ್ನು ಅವನು ತೋರಿಸಲಿಲ್ಲ. ಹದಿನಾಲ್ಕು ವರ್ಷ ಬೇರೆಯವರು ಬರೆದ ಪ್ರಸಂಗಗಳನ್ನು ಓದಿದ್ದ. ದೀನತೆಯ ಮೇಲೇ ಹತ್ತಾರು ಇದ್ದಿರಬೇಕು. ಎಲ್ಲವನ್ನೂ ಎಷ್ಟು ಚೆಂದವಾಗಿ ಓದಿದ್ದ!

ಸಂಜೆ ಅಡಿಗೆಮನೆಯಲ್ಲಿ ಸುನ್ನೆವಾ ಮೀನು ಹೆಚ್ಚುತ್ತಿದ್ದಳು. ಅವನು ಗೇಟಿನ ಬಳಿ ನಡೆದದ್ದನ್ನೂ ಪೊಲೀಸರಿಗೆ ಹೇಳಿದ್ದನ್ನೂ ಆಸ್ಪತ್ರೆಯಲ್ಲಿ ತುಮ್ಮಸ್ ಅಂದದ್ದನ್ನೂ ಅವಳಿಗೆ ಹೇಳಿದ. ಅವಳು ಚಾಕು ಕೆಳಗಿಡಲಿಲ್ಲ.

"ಗೊತ್ತಿತ್ತು," ಎಂದಳು.

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಮೂವತ್ತೈದು ವರ್ಷ ಸಂಸಾರ ಮಾಡಿದೀನಿ. ಆ ಪೇಪರಲ್ಲಿ ನಿನ್ನ ಫೋಟೋ ಬಂತಲ್ಲ, ನೀನು ಅದನ್ನ ಒಂದು ಸಲಾನೂ ತೆಗೆದು ನೋಡ್ಲಿಲ್ಲ. ನೀನು ನೋಡದೇ ಇರೋ ಗಂಡಸಲ್ಲ."

"ಈಗ ಏನು ಮಾಡ್ಲಿ?"

"ಏನು ಮಾಡ್ಬೇಕು ಅಂತ ಅವನೇ ಹೇಳಿ ಕಳಿಸಿದಾನಲ್ಲ. ನನ್ನನ್ನ ಯಾಕೆ ಕೇಳ್ತೀಯ?" ಮೀನಿನ ಚೂರುಗಳನ್ನು ಪಾತ್ರೆಗೆ ಹಾಕಿ ಕೈ ಒರೆಸಿಕೊಂಡು ಅವಳು ಅವನ ಹೆಗಲ ಮೇಲೆ ಒಂದು ಗಳಿಗೆ ಕೈ ಇಟ್ಟಳು. "ಉದ್ದ ಮಾಡ್ಬೇಡ. ನೀನು ಮಾತಾಡೋಕೆ ಶುರು ಮಾಡಿದ್ರೆ ನಿನ್ನ ಗಂಟಲು ನಿಂಗೇ ಇಷ್ಟ ಆಗ್ಬಿಡುತ್ತೆ."

ಮರುದಿನ ಅವನು ಪೊಲೀಸ್ ಅಧಿಕಾರಿಗೆ ಫೋನು ಮಾಡಿ ಮೊದಲು ಹೇಳಿದ್ದು ಸುಳ್ಳೆಂದು ತಿಳಿಸಿದ. ಆ ಮನುಷ್ಯ "ಬರ್ಕೋತೀನಿ," ಎಂದಷ್ಟೇ ಹೇಳಿ ಫೋನಿಟ್ಟ.

ಭಾನುವಾರ ಚರ್ಚು ಎಂದಿಗಿಂತ ತುಂಬಿತ್ತು. ಕೀರ್ತನೆ ಹಾಡಿದರು. ಕ್ಲೆಮಿಂತ್ ಸುವಾರ್ತೆ ಓದಿದ. ಆಮೇಲೆ ಪ್ರಸಂಗದ ಪುಸ್ತಕ ತೆಗೆಯಲಿಲ್ಲ. ಕಮಾನಿನ ಕೆಳಗಿನ ಮೆಟ್ಟಿಲಿಂದ ಇಳಿದು ಬೆಂಚುಗಳ ಮಟ್ಟದಲ್ಲಿ ನಿಂತ.

"ಇವತ್ತು ಪ್ರಸಂಗ ಇಲ್ಲ," ಎಂದ. "ತುಮ್ಮಸ್ ಬಿದ್ದ ದಿನ ಗೇಟಿನ ಹತ್ರ ಇದ್ದಾಗ್ಲೇ ಮಂಜಿತ್ತು. ಅವನು ಎರಡು ಸಲ ಹೇಳ್ದ. ನಾನು ಕೇಳ್ಲಿಲ್ಲ. ಯಾಕಂದ್ರೆ ಗುರುವಾರ ಅಂಗಡೀಲಿ ಶನಿವಾರ ಅಂತ ಹೇಳ್ಬಿಟ್ಟಿದ್ದೆ. ಅದಕ್ಕಿಂತ ದೊಡ್ಡ ಕಾರಣ ಏನಾದ್ರೂ ಇರ್ಬೇಕು ಅಂತ ಇಷ್ಟು ದಿನ ಹುಡುಕ್ದೆ. ಇಲ್ಲ. ಹೆಂಗಸರ ಜೊತೆ ಆಲೂಗಡ್ಡೆ ಸುಲಿ ಹೋಗು ಅಂತ ಅವನನ್ನ ಎಲ್ಲರ ಮುಂದೆ ಹೀಯಾಳಿಸ್ದೆ. ಸಿಟ್ಟಲ್ಲಿ ಅವನಿಗೆ ಅಭ್ಯಾಸ ಇಲ್ಲದ ಜಾಗಕ್ಕೆ ಕಳಿಸ್ದೆ. ಆಮೇಲೆ ಪೊಲೀಸ್ನೋರಿಗೆ ಸುಳ್ಳು ಹೇಳ್ದೆ. ನೀವು ನನ್ನನ್ನ ಹೊಗಳ್ತಿದ್ರಿ, ನಾನು ಹೊಗಳಿಸ್ಕೊಂಡೆ. ನನ್ನದಲ್ಲದ ಆಶೀರ್ವಾದಾನ ಕೈ ಎತ್ತಿ ಕೊಟ್ಟೆ. ತುಮ್ಮಸ್ ಹತ್ರ ಕ್ಷಮೆ ಕೇಳಿದೀನಿ, ಅವನು ನಿಮ್ಮ ಮುಂದೆ ಕೇಳು ಅಂದ. ಕೇಳ್ತಿದೀನಿ. ಇನ್ಮೇಲೆ ಗುಡ್ಡದ ಯಜಮಾನಿಕೆ ನಂಗೆ ಬೇಡ. ಓದೋಕೂ ನಾನು ತಕ್ಕವನಲ್ಲ, ಬೇರೆಯವರನ್ನ ನೋಡ್ಕೊಳ್ಳಿ."

ಮುಂದಿನ ಬೆಂಚಿನಲ್ಲಿ ಮಾಲನ್ ಅಜ್ಜಿ ಮೆಲ್ಲಗೆ ಎದ್ದಳು. ಬೆಂಚಿನ ತುದಿಗಳನ್ನು ಒಂದೊಂದಾಗಿ ಹಿಡಿಯುತ್ತ ಹಿಂದಕ್ಕೆ ನಡೆದಳು. ಅಕ್ಕಪಕ್ಕದವರು ಕೈ ಕೊಡಹೋದರೆ ತಳ್ಳಿದಳು. ಬಾಗಿಲು ತೆರೆದು, ಮುಚ್ಚಿಕೊಂಡಿತು.

ಆರಾಧನೆಯನ್ನು ನಡುವೆ ಬಿಡುವಂತಿರಲಿಲ್ಲ. ಇನ್ನೊಂದು ಕೀರ್ತನೆ ಹಾಡಿದರು, ಅರ್ಧ ಜನರ ದನಿಯೇ ಹೊರಡಲಿಲ್ಲ. ಕೊನೆಗೆ ಕ್ಲೆಮಿಂತ್ ಕೈ ಜೋಡಿಸಿ, ದೇವರ ಆಶೀರ್ವಾದ ನಮ್ಮ ಮೇಲಿರಲಿ ಎಂದ. ಆ ಮಾತನ್ನು ಹದಿನಾಲ್ಕು ವರ್ಷ ಹೇಳಿದ್ದ. ಬೇಡುವವನ ಹಾಗೆ ಹೇಳಿದ್ದು ಇದೇ ಮೊದಲು.

ಹೇಳಿಬಿಟ್ಟರೆ ಎದೆ ಹಗುರಾಗುತ್ತದೆಂದು ಅವನು ಎಲ್ಲೋ ಒಳಗೆ ನಂಬಿದ್ದ. ಹಾಗೇನೂ ಆಗಲಿಲ್ಲ. ಊರು ಅವನಿಂದ ಮುಖ ತಿರುಗಿಸಿತು. ಹೆಂಗಸರಿಗಿಂತ ಹೆಚ್ಚು ಸಿಟ್ಟು ಗಂಡಸರಿಗೆ. ಬುಧವಾರ ದೋಣಿಮನೆಯ ಮುಂದೆ ಬ್ರಾಂದುರ್ ಅವನನ್ನು ಅಡ್ಡಗಟ್ಟಿದ.

"ನಿನ್ನ ಪಾಪ ನೀನು ಹೇಳ್ಕೋ. ನಮ್ಮದನ್ನ ಯಾಕೆ ಎಳೆದೆ?"

"ನಾನು ಯಾರ ಹೆಸರೂ ಹೇಳ್ಲಿಲ್ವಲ್ಲ."

"ಹೇಳ್ಬೇಕಾ? ಎಲ್ಲರ ಮುಂದೆ ಅಂದ್ರೆ ಯಾರು? ನನ್ನ ಹೆಂಡ್ತಿ ಮನೆಗೆ ಬಂದವಳೇ 'ನೀನೂ ನಕ್ಯಾ' ಅಂದ್ಲು. ಏನು ಹೇಳ್ಲಿ ನಾನು? ಮೂರು ದಿನ ಆಯ್ತು, ಬರೀ ಗಂಜಿ ಕುಡೀತಿದೀನಿ. ಮಾತಿಲ್ಲ, ಕತೆಯಿಲ್ಲ."

"ನಕ್ಕಿದ್ದು ಹೌದಲ್ಲ?"

ಬ್ರಾಂದುರ್ ಕಾಲ ಬಳಿಯ ಬಲೆಯ ಗಂಟಿನತ್ತ ನೋಡಿದ. "ಹೌದು," ಎಂದ ಕೊನೆಗೆ. "ಆ ಜಾಗ ನನ್ನದು. ನಾನು ಹೋಗ್ತೀನಿ ಅಂತ ಒಂದು ಮಾತು ಹೇಳಿದ್ರೆ ಆಗಿತ್ತು. ಹೋಗ್ಲಿ ಬಿಡು ಅಂತ ಸುಮ್ಮನಿದ್ದೆ." ಬಲೆಯ ಗಂಟನ್ನು ಒಂದು ಸಲ ಕಾಲಿಂದ ಒದ್ದು ಒಳಗೆ ಹೋದ.

ಗಂಡಸರು ಸೇರಿ ವಸಂತದವರೆಗೆ ಬ್ರಾಂದುರ್‌ನನ್ನು ಗುಡ್ಡಕ್ಕೆ ನೇಮಿಸಿದರು. ಚರ್ಚಿಗೆ ಮಾತ್ರ ಯಾರೂ ಸಿಗಲಿಲ್ಲ. ಓದು ಎಂದರೆ, ಅವನಷ್ಟು ದೊಡ್ಡವನೇ ತಕ್ಕವನಲ್ಲ ಅಂದ ಮೇಲೆ ನಾವೆಲ್ಲಿ ಎನ್ನುತ್ತಿದ್ದರು. ಒಂದಾದ ಮೇಲೊಂದು ನಾಲ್ಕು ಭಾನುವಾರ ಚರ್ಚಿನ ಗಂಟೆ ಮೊಳಗಲಿಲ್ಲ.

ಕ್ಲೆಮಿಂತ್ ದಿನಾ ಬೆಳಗ್ಗೆ ತುಮ್ಮಸ್‌ನ ಕೊಟ್ಟಿಗೆಗೆ ಹೋಗುತ್ತಿದ್ದ. ಟಗರಿಗೂ ಆರು ಕುರಿಗಳಿಗೂ ಹುಲ್ಲು ಹಾಕಿ, ಹಿಕ್ಕೆ ಬಾಚಿ, ಕಲ್ಲಿದ್ದಲಿನ ಬಕೆಟ್ಟು ಹೊತ್ತು ಮಾಲನ್ ಅಜ್ಜಿಯ ಬಾಗಿಲಲ್ಲಿ ಇಡುತ್ತಿದ್ದ. ಅವಳು ಬಾಗಿಲು ತೆರೆಯುತ್ತಿರಲಿಲ್ಲ. ಮರುದಿನ ಹೋದಾಗ ಖಾಲಿ ಬಕೆಟ್ಟು ಹೊರಗಿರುತ್ತಿತ್ತು. ಹಾಗೆಯೇ ನಾಲ್ಕು ವಾರ. ಮೊದಮೊದಲು ಅವನು ಕಿಟಕಿಯ ಕಡೆ ನೋಡುತ್ತಿದ್ದ. ಯಾರಾದರೂ ನೋಡುತ್ತಿದ್ದಾರೆಯೇ ಎಂದು. ಒಂದು ದಿನ, ತಾನು ಹಾಗೆ ನೋಡುವುದೇ ನಿಂತುಹೋಗಿದೆ ಎಂದು ತಿಳಿದದ್ದು ಅರ್ಧ ದಾರಿ ಇಳಿದ ಮೇಲೆ.

ನವೆಂಬರ್‌ನ ಕೊನೆಯ ಶುಕ್ರವಾರ ಮಧ್ಯಾಹ್ನ ಮಾಲನ್ ಅಜ್ಜಿಯೇ ಅವರ ಮನೆಗೆ ಬಂದಳು. ಸುನ್ನೆವಾ ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

"ನಾನು ಕ್ಷಮಿಸ್ತೀನಿ ಅಂತ ಹೇಳೋಕೆ ಬಂದಿಲ್ಲ," ಎಂದಳು ಕ್ಲೆಮಿಂತ್‌ಗೆ. "ಆ ಕೈಗೆ ಮುತ್ತು ಕೊಟ್ಟಿದ್ದೆ ನಾನು. ನೆನೆಸ್ಕೊಂಡ್ರೆ ಈಗ್ಲೂ ಮೈ ಉರಿಯುತ್ತೆ."

"ಸರಿ ಅಜ್ಜಿ."

"ಭಾನುವಾರದಿಂದ ಕ್ರಿಸ್ಮಸ್ಸಿನ ಕಾಲ ಶುರು. ಪಾದ್ರಿಯಮ್ಮ ಆವತ್ತು ಬೇರೆ ಊರಲ್ಲಿರ್ತಾಳೆ, ಇಲ್ಲಿ ಚರ್ಚಿಗೆ ಬೀಗ. ನಂಗೆ ಕಣ್ಣು ಕಾಣಲ್ಲ, ಮನೇಲಿ ಓದಿ ಹೇಳೋರಿಲ್ಲ. ಮಗ ಅಲ್ಲಿ ಬಿದ್ದಿದಾನೆ. ನೀನು ಇಲ್ಲಿ ಕೂತ್ಕೊಂಡು ನಾನು ತಕ್ಕವನಲ್ಲ, ನಾನು ತಕ್ಕವನಲ್ಲ ಅಂತ ನಿನ್ನ ಬಗ್ಗೇನೇ ಯೋಚ್ನೆ ಮಾಡ್ಕೊಂಡಿರು. ನನ್ನ ಗತಿ?"

ಕ್ಲೆಮಿಂತ್ ಎದ್ದು ನಿಂತರೂ ಅಜ್ಜಿ ಮಾತು ನಿಲ್ಲಿಸಲಿಲ್ಲ.

"ಓದೋ ಬಾಯಿ ನಂಗಿಷ್ಟ ಆಗ್ಬೇಕು ಅಂತೇನಿಲ್ಲ. ಮಾತು ನಿಂದಲ್ಲವಲ್ಲ, ದೇವರದು. ಬಂದು ಓದು. ಮೇಲೆ ಹೋಗಿ ನಿಲ್ಬೇಡ, ನಮ್ಮ ಹತ್ರ ಕೆಳಗೇ ನಿಂತ್ಕೋ, ನಂಗೆ ಕಿವೀನೂ ಮಂದ ಆಗಿದೆ." ಅವಳು ಬಾಗಿಲಿಗೆ ಹೋಗಿ ತಿರುಗಿದಳು. "ಟಗರಿಗೆ ಹುಲ್ಲು ಜಾಸ್ತಿ ಹಾಕ್ತಿದೀಯ. ಕೊಬ್ಬಿ ಕೂತಿದೆ."

ಭಾನುವಾರ ಗಂಟೆ ಮೊಳಗಿತು. ಬಂದವರು ಹದಿಮೂರು ಜನ. ಕ್ಲೆಮಿಂತ್ ಎರಡನೇ ಬೆಂಚಿನ ಪಕ್ಕ, ಕಪ್ಪು ಕೋಟಿಲ್ಲದೆ ದಿನನಿತ್ಯದ ಸ್ವೆಟರಿನಲ್ಲಿ ನಿಂತು ಓದಿದ. ಒಂದೆರಡು ಕಡೆ ತಡವರಿಸಿದ. ಮುಂದಿನ ಭಾನುವಾರ ಇಪ್ಪತ್ತೆರಡು ಜನ ಇದ್ದರು, ಬ್ರಾಂದುರ್ ಮತ್ತು ಅವನ ಹೆಂಡತಿ ಒಂದೇ ಬೆಂಚಿನಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

ತುಮ್ಮಸ್ ಮನೆಗೆ ಬಂದದ್ದು ಡಿಸೆಂಬರ್ ಹದಿನಾಲ್ಕರಂದು. ಹಡಗುಕಟ್ಟೆಗೆ ಊರೆಲ್ಲ ಬಂದಿತ್ತು. ಅಲ್ಲಿಂದ ಮಾಲನ್ ಅಜ್ಜಿಯ ಮನೆಗೆ ನೂರಕ್ಕೂ ಹೆಚ್ಚು ಕಲ್ಲು ಮೆಟ್ಟಿಲು, ಕಾರು ಹೋಗದ ದಾರಿ. ಬ್ರಾಂದುರ್ ಒಂದು ಗಟ್ಟಿ ಕುರ್ಚಿಗೆ ಎರಡು ಹುಟ್ಟುಗೋಲು ಬಿಗಿದು ತಂದಿದ್ದ. ಊರುಗೋಲುಗಳನ್ನು ಮಡಿಲಲ್ಲಿಟ್ಟುಕೊಂಡು ತುಮ್ಮಸ್ ಅದರಲ್ಲಿ ಕೂತ.

"ರಾಜನ ಹಾಗೆ ಕಾಣ್ತೀಯ ಕಣೋ," ಎಂದರು ಯಾರೋ.

"ಇಳಿಸಿದ್ರೆ ಮೀನಿನ ಮೂಟೆ," ಎಂದ ತುಮ್ಮಸ್.

ನಾಲ್ವರು ಎತ್ತಿದರು. ಕ್ಲೆಮಿಂತ್ ಗುಂಪಿನ ಹಿಂದೆ, ಆಸ್ಪತ್ರೆಯ ಚೀಲ ಹಿಡಿದು ನಿಂತಿದ್ದ. ಯಾರು ಎಲ್ಲಿ ಹಿಡಿಯಬೇಕು, ಎಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಇಪ್ಪತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ವಾಲತೊಡಗಿತು. ಹಿಂದಿನ ಇಬ್ಬರಲ್ಲಿ ಒಬ್ಬ ತೀರಾ ಕುಳ್ಳ.

"ಏಯ್, ನಿಲ್ಸಿ, ನಿಲ್ಸಿ," ಎಂದ ತುಮ್ಮಸ್. "ಇನ್ನೊಂದು ಸಲ ಬೀಳೋಕೆ ನನ್ನ ಹತ್ರ ಮೂಳೆ ಉಳಿದಿಲ್ಲ." ಕತ್ತು ತಿರುಗಿಸಿ ಗುಂಪಿನಲ್ಲಿ ಹುಡುಕಿದ. ಅವನ ಕಣ್ಣು ಕ್ಲೆಮಿಂತ್ ಮೇಲೆ ನಿಂತಿತು. "ಕ್ಲೆಮಿಂತ್, ಅಷ್ಟು ಎತ್ತರ ಬೆಳೆದು ಚೀಲ ಹಿಡ್ಕೊಂಡು ನಿಂತಿದೀಯಲ್ಲ. ಬಾ, ಈ ಹಿಂದಿನ ಮೂಲೆ ಹಿಡಿ."

ಕ್ಲೆಮಿಂತ್ ಚೀಲವನ್ನು ಸುನ್ನೆವಾಳ ಕೈಗೆ ಕೊಟ್ಟು ಬಂದು ಕೋಲಿನ ತುದಿಗೆ ಹೆಗಲು ಕೊಟ್ಟ. ಮುಂದೆ ನಡೆಯುತ್ತಿದ್ದ ಬ್ರಾಂದುರ್ "ಹೂಂ, ಈಗ," ಎಂದ. ಅವನು ಹೇಳಿದಾಗ ಎತ್ತಿದರು, ಅವನು ನಿಲ್ಲಿಸಿದಾಗ ನಿಂತರು. ಭಾರವೆಲ್ಲ ಹಿಂದಿನವರ ಮೇಲೆ ಬೀಳುತ್ತಿತ್ತು. ಅರ್ಧ ದಾರಿಯಲ್ಲಿ ಕ್ಲೆಮಿಂತ್‌ನ ಕಣ್ಣಿಗೆ ಬೆವರು ಇಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ತುಮ್ಮಸ್‌ನ ಬೆನ್ನು ಅವನ ಮುಖದಿಂದ ಗೇಣು ದೂರದಲ್ಲಿತ್ತು, ಆಸ್ಪತ್ರೆಯ ಸೋಪಿನ ವಾಸನೆ ಬರುತ್ತಿತ್ತು.

"ಉಸಿರು ಕಟ್ತಿದೆಯಾ?" ಎಂದ ತುಮ್ಮಸ್, ತಿರುಗದೆ.

"ಇಲ್ಲ."

"ಸುಳ್ಳು ಹೇಳ್ಬೇಡ."

"ಕಟ್ತಿದೆ," ಎಂದ ಕ್ಲೆಮಿಂತ್.

"ಬ್ರಾಂದುರ್, ಒಂದು ನಿಮಿಷ ನಿಲ್ಸು," ಎಂದು ತುಮ್ಮಸ್ ಕೂಗಿದ. ಕುರ್ಚಿಯನ್ನು ಅಗಲವಾದ ಮೆಟ್ಟಿಲ ಮೇಲೆ ಇಳಿಸಿ ಎಲ್ಲರೂ ಏದುಸಿರು ಬಿಡುತ್ತ ನಿಂತರು. ಕೆಳಗೆ ಹಡಗು ಹೊರಟುಹೋಗುತ್ತಿತ್ತು. ಮೇಲೆ ಮನೆಯ ಬಾಗಿಲು ಹಾರುಹೊಡೆದು ತೆರೆದಿತ್ತು, ಮಾಲನ್ ಅಜ್ಜಿ ಹೊಸಿಲಲ್ಲಿ ನಿಂತು ಕಾಣದ ಕಣ್ಣನ್ನು ಕಿರಿದು ಮಾಡಿ, ಎಷ್ಟು ಜನ ಹತ್ತುತ್ತಿದ್ದೀರಿ, ಎಷ್ಟು ಲೋಟ ಕಾಫಿ ಇಡಲಿ ಎಂದು ಕೂಗಿ ಕೇಳುತ್ತಿದ್ದಳು.